ಅದೇ ನಂಬರು, ಬೇರೆ ಮಾಲು

ಡೇಟಾ ಕೆಲಸದ ವರದಿಗಳ ಕೊನೆಯ ಪುಟ ನೋಡಿದ್ದೀರಾ? ಯಾವ ಸಾಫ್ಟ್‌ವೇರ್ ಪ್ಯಾಕೇಜಿನ ಯಾವ ಆವೃತ್ತಿ ಬಳಸಿದ್ದೇವೆ ಅನ್ನೋ ಪಟ್ಟಿ ಅಲ್ಲಿರುತ್ತೆ. ಹೆಸರು, ಪಕ್ಕದಲ್ಲಿ ಎರಡು ಸಮ ಚಿಹ್ನೆ, ಆಮೇಲೆ ಚುಕ್ಕಿ ಇಟ್ಟ ಮೂರು ಅಂಕಿ. ನೋಡೋಕೆ ಬಹಳ ಅಚ್ಚುಕಟ್ಟು. ಕ್ಲೈಂಟು ಅದನ್ನ ನಂಬ್ತಾರೆ, ಆಡಿಟರು ನಂಬ್ತಾರೆ, ಬರೆದವರೂ ನಂಬ್ತಾರೆ. ನಾನು ಹೇಳೋದು ಇಷ್ಟೇ: ಮೆಷಿನ್ನಿನಲ್ಲಿರುವ ಪ್ಯಾಕೇಜನ್ನ ಪ್ರಕಟಿತ ಆವೃತ್ತಿಯ ಪಕ್ಕದಲ್ಲಿಟ್ಟು ಹೋಲಿಸದೆ ಬರೆದ ಪಟ್ಟಿಗೆ ಏನೂ ಬೆಲೆಯಿಲ್ಲ. ಎಷ್ಟೋ ಕಡೆ ಅದು ಶುದ್ಧ ಸುಳ್ಳು, ಮತ್ತೆ ಆ ಸುಳ್ಳಿಗೆ ನಮ್ಮ ಕಸುಬಿನಲ್ಲಿ ಯಾರೂ ನಾಚಿಕೊಳ್ಳೋದಿಲ್ಲ.

ಕೋಡ್ ಬರೆಯದ ಓದುಗರಿಗೆ, ಪಾಡ್‌ಕಾಸ್ಟಿನಲ್ಲಿ ಕೇಳ್ತಿರುವವರಿಗೆ, ಎರಡು ಮಾತಲ್ಲಿ ವಿಷಯ ಹೇಳಿಬಿಡ್ತೀನಿ. ಪ್ಯಾಕೇಜು ಅಂದರೆ ಬೇರೆಯವರು ಬರೆದು, ಎಲ್ಲರೂ ಬಳಸಲಿ ಅಂತ ಒಂದು ಸಾರ್ವಜನಿಕ ಕಣಜದಲ್ಲಿಟ್ಟ ಕೋಡಿನ ಕಟ್ಟು. ಪೈಥಾನ್ ಭಾಷೆಯವರಿಗೆ ಆ ಕಣಜದ ಹೆಸರು ಪೈಪಿಐ, ಆರ್ ಭಾಷೆಯವರಿಗೆ ಕ್ರ್ಯಾನ್, ಜಾವಾಸ್ಕ್ರಿಪ್ಟಿನವರಿಗೆ ಎನ್‌ಪಿಎಂ. ಕಣಜದಲ್ಲಿ ಪ್ರತಿ ಕಟ್ಟಿಗೂ ಒಂದು ಆವೃತ್ತಿ ಸಂಖ್ಯೆ. ನಿಮ್ಮ ಕಂಪ್ಯೂಟರಿಗೆ ಇಳಿದ ಮೇಲೆ ಅದು ಮಾಮೂಲಿ ಫೈಲುಗಳಿರುವ ಒಂದು ಫೋಲ್ಡರು, ಅಷ್ಟೇ. ಯಾರು ಬೇಕಾದರೂ ತೆರೆದು ಒಂದು ಸಾಲು ತಿದ್ದಬಹುದು. ತಿದ್ದಿದ ಮಾತ್ರಕ್ಕೆ ಸಂಖ್ಯೆ ಬದಲಾಗಲ್ಲ. ‘ಪಿಪ್ ಫ್ರೀಜ್’ ಅಂತ ಆಜ್ಞೆ ಕೊಟ್ಟರೆ ಅದು ಪ್ಯಾಕೇಜಿನ ಜೊತೆಗಿರುವ ಒಂದು ಚೀಟಿಯಿಂದ ಹೆಸರು, ಸಂಖ್ಯೆ ಓದಿ ಹೇಳುತ್ತೆ. ಒಳಗಿನ ಕೋಡನ್ನ ತೆರೆದು ನೋಡಲ್ಲ. ಅಂಗಡಿಯಿಂದ ತಂದ ಸಾರಿನ ಪುಡಿ ಪ್ಯಾಕೆಟ್ಟು ಬಿಚ್ಚಿ, ಎರಡು ಚಮಚ ಉಪ್ಪು ಬೆರೆಸಿ, ಮತ್ತೆ ಅಂಟಿಸಿ ಶೆಲ್ಫಿನಲ್ಲಿ ಇಟ್ಟ ಹಾಗೆ. ಲೇಬಲ್ಲು ಅದೇ. ಮಾರನೇ ದಿನ ಅಡುಗೆಗೆ ನಿಂತವರು ಲೇಬಲ್ಲು ಓದಿ, ಅದರಂತೆ ಉಪ್ಪು ಹಾಕ್ತಾರೆ.

ನಾನು ಇದನ್ನ ದುಖಾನಿನಲ್ಲಿ ಕೂತು ಬರೀತಿದ್ದೀನಿ. ದೋಹಾದಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರು, ಕತಾರಿನ ಇನ್ನೊಂದು ಕರಾವಳಿ. ಈ ದೇಶದ ಎಣ್ಣೆಯ ಕತೆ ಶುರುವಾಗಿದ್ದೇ ಇಲ್ಲಿ. 1938ರಲ್ಲಿ ಮೊದಲ ಬಾವಿ ಕೊರೆಯೋಕೆ ಕೈ ಹಾಕಿದರು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬಾವಿಗಳನ್ನ ಮುಚ್ಚಿದರು. ಯುದ್ಧ ಮುಗಿದ ಮೇಲೆ ಮತ್ತೆ ತೆರೆದರು. 1949ರ ಕೊನೆಗೆ ಮೊದಲ ಎಣ್ಣೆ ಪೂರ್ವ ಕರಾವಳಿಯ ಉಮ್ ಸಯೀದಿನಿಂದ, ಅಂದರೆ ಈಗಿನ ಮೆಸಾಯಿದ್ ಬಂದರಿನಿಂದ, ಹಡಗು ಹತ್ತಿತು. ಇಷ್ಟು ಹಳೆಯ ಎಣ್ಣೆ ಬಯಲಿನಲ್ಲಿ ಒಂದು ಅಳತೆ ತಲೆಮಾರುಗಳನ್ನ ದಾಟಿ ಬರುತ್ತೆ. ಅದನ್ನ ಅಳೆದವರು, ಬರೆದುಕೊಂಡವರು, ಕಂಪ್ಯೂಟರಿಗೆ ತುಂಬಿದವರು, ಈಗ ಓದುವವರು ಎಲ್ಲರೂ ಬೇರೆ ಬೇರೆ.

ಹಾಗಾಗಿ ಉದಾಹರಣೆಯನ್ನ ಎಣ್ಣೆಯಿಂದಲೇ ಕೊಡ್ತೀನಿ. ಇದು ಯಾವ ಬಾವಿಯದ್ದೂ ಅಲ್ಲ, ಕಾಗದದ ಲೆಕ್ಕ.

ಬಾವಿಯ ಅಳತೆಗಳನ್ನ ಹಂಚಿಕೊಳ್ಳೋಕೆ ‘ಲಾಸ್’ ಅನ್ನೋ ಸರಳ ಫೈಲು ಇದೆ. ಕೆನಡಾದ ವೆಲ್ ಲಾಗಿಂಗ್ ಸೊಸೈಟಿ ರೂಪಿಸಿದ್ದು. ಒಂದು ಕಾಲಮ್ಮಿನಲ್ಲಿ ಆಳ, ಪಕ್ಕದ ಕಾಲಮ್ಮುಗಳಲ್ಲಿ ಆ ಆಳದ ಬಂಡೆಯ ಗುಣಗಳು. ಅಳತೆ ಸಿಗದ ಕಡೆ ಖಾಲಿ ಬಿಡಲ್ಲ, ಒಂದು ವಿಚಿತ್ರ ಸಂಖ್ಯೆ ಬರೀತಾರೆ. ವಾಡಿಕೆಯಲ್ಲಿ ಅದು ಮೈನಸ್ 999.25. ‘ಇಲ್ಲಿ ಏನೂ ಇಲ್ಲ’ ಅಂತ ಅದರ ಅರ್ಥ. ಈ ಫೈಲು ಓದೋಕೆ ಪೈಥಾನಿನಲ್ಲಿ ಲಾಸಿಯೋ ಅನ್ನೋ ಮುಕ್ತ ಪ್ಯಾಕೇಜಿದೆ. ಯಾವ ಸಂಖ್ಯೆಯನ್ನ ‘ಏನೂ ಇಲ್ಲ’ ಅಂತ ತಿಳೀಬೇಕು ಅನ್ನೋದನ್ನ ಬಳಸುವವರೇ ಆರಿಸಿಕೊಳ್ಳೋಕೂ ಅದರಲ್ಲಿ ದಾರಿ ಇದೆ.

ಈಗ ಯಾರೋ ಒಬ್ಬರಿಗೆ ಒಂದು ಹಾಳು ಫೈಲು ಬಂತು ಅಂದುಕೊಳ್ಳಿ. ಅದರಲ್ಲಿ ಅಳತೆ ಸಿಗದ ಕಡೆಯೆಲ್ಲ ಸೊನ್ನೆ. ಸಂಜೆಯೊಳಗೆ ವರದಿ ಹೋಗಬೇಕು. ದಾಖಲೆ ಓದಿ ಸರಿಯಾದ ದಾರಿ ಹುಡುಕೋಕೆ ಪುರುಸೊತ್ತಿಲ್ಲ. ಅವರು ನೇರವಾಗಿ ಪ್ಯಾಕೇಜಿನ ಫೋಲ್ಡರಿಗೇ ಹೋಗಿ, ಸೊನ್ನೆಯನ್ನೂ ‘ಏನೂ ಇಲ್ಲ’ ಅಂತ ಎಣಿಸೋ ಒಂದು ಸಾಲು ಸೇರಿಸ್ತಾರೆ. ಆ ಫೈಲಿಗೆ ಅದು ಸರಿಯಾದ ಉತ್ತರವೇ. ಮೂರು ತಿಂಗಳ ಮೇಲೆ ಅದೇ ಮೆಷಿನ್ನಿನಲ್ಲಿ ಇನ್ನೊಬ್ಬರು ಇನ್ನೊಂದು ಬಾವಿಯ ಫೈಲು ಓದಿಸ್ತಾರೆ. ಅಲ್ಲಿ ಸೊನ್ನೆ ಅಂದರೆ ನಿಜವಾದ ಸೊನ್ನೆ: ಎಣ್ಣೆ ನಿಲ್ಲೋಕೆ ಒಳಗೆ ಜಾಗವೇ ಇಲ್ಲದ ಗಟ್ಟಿ ಬಂಡೆ. ಹತ್ತು ಅಳತೆಯಲ್ಲಿ ಎಂಟು 0.20, ಎರಡು ಸೊನ್ನೆ. ನಿಜವಾದ ಸರಾಸರಿ 0.16. ತಿದ್ದಿದ ಪ್ಯಾಕೇಜು ಸೊನ್ನೆಗಳನ್ನ ಕಿತ್ತು ಹಾಕಿ 0.20 ಅನ್ನುತ್ತೆ. ಬಂಡೆಯೊಳಗಿನ ಖಾಲಿ ಜಾಗ ಕಾಗದದ ಮೇಲೆ ಶೇಕಡಾ 25 ಹೆಚ್ಚಾಯಿತು. ಇದ್ದಷ್ಟೇ ಎಣ್ಣೆ, ಇದ್ದಷ್ಟೇ ಬಂಡೆ.

ಮೈನಸ್ 999.25 ತಪ್ಪಿ ಸರಾಸರಿಯೊಳಗೆ ನುಗ್ಗಿದ್ದರೆ ಒಳ್ಳೆಯದಿತ್ತು. ಹತ್ತರಲ್ಲಿ ಒಂದೇ ಒಂದು ನುಗ್ಗಿದರೂ ಉತ್ತರ ಮೈನಸ್ ನೂರರ ಹತ್ತಿರ ಬರುತ್ತೆ, ಇಂಟರ್ನ್ ಹುಡುಗನೂ ಹಿಡೀತಾನೆ. 0.20 ಹಾಗಲ್ಲ, ಮರ್ಯಾದಸ್ಥ ಸಂಖ್ಯೆ. ಶರ್ಟು ಇನ್ ಮಾಡಿಕೊಂಡು ಮೀಟಿಂಗಿಗೆ ಬಂದು ಕೂರುತ್ತೆ. ‘ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ’ ಅನ್ನೋ ಗಾದೆ ಮಾಡಿದ ನಮ್ಮ ಹಿರಿಯರಿಗೆ ಎಣ್ಣೆ ಬಯಲು ಗೊತ್ತಿರಲಿಲ್ಲ. ಗಾದೆ ಮಾತ್ರ ಇಲ್ಲಿಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

‘ಪ್ಯಾಕೇಜಿನ ಹೊಸ ಆವೃತ್ತಿ ಹಾಕಿಕೊಂಡರೆ ಆಯ್ತಲ್ಲ, ಯಾಕೆ ಇದ್ದದ್ದನ್ನ ತಿದ್ದಬೇಕು?’ ಅಂತ ನೀವು ಕೇಳಬಹುದು. ಬೆಂಗಳೂರಿನ ಸ್ಟಾರ್ಟಪ್ಪಿನಲ್ಲಿ ಕೂತವರಿಗೆ ಅದು ಸಲೀಸು. 2012ರ ಆಗಸ್ಟಿನಲ್ಲಿ ಶಮೂನ್ ಅನ್ನೋ ವೈರಸ್ಸು ಸೌದಿ ಅರಾಮ್ಕೋದ ಸಾವಿರಾರು ಕಂಪ್ಯೂಟರುಗಳನ್ನ ಅಳಿಸಿ ಹಾಕಿತು. ಅದೇ ತಿಂಗಳು ಕತಾರಿನ ರಾಸ್‌ಗ್ಯಾಸ್ ಕಚೇರಿಯ ಜಾಲಕ್ಕೂ ವೈರಸ್ಸು ಹೊಕ್ಕಿತು. ಇಂಥ ಉದ್ಯಮದವರು ಜಾಲದ ಬಾಗಿಲು ಬಿಗಿ ಮಾಡಿಕೊಂಡರೆ ಯಾರೂ ತಪ್ಪು ಅನ್ನೋ ಹಾಗಿಲ್ಲ. ಆದರೆ ಮುಚ್ಚಿದ ಜಾಲದೊಳಗೆ ಹೊಸ ಪ್ಯಾಕೇಜು ತರಿಸೋದು ಅಂದರೆ ಅರ್ಜಿ, ಅನುಮತಿ, ಕಾಯೋದು. ಇರೋ ಫೈಲನ್ನ ತಿದ್ದೋದು ಎರಡು ನಿಮಿಷದ ಕೆಲಸ. ಹೊರಗಿನ ಕಳ್ಳನಿಗೆ ಅಂತ ಹಾಕಿದ ಬೀಗ, ಒಳಗೆ ಕೂತವರ ಕೈಗೆ ಸ್ಕ್ರೂಡ್ರೈವರ್ ಕೊಡುತ್ತೆ. ಬೀಗ ತೆಗೀರಿ ಅಂತ ನಾನು ಹೇಳ್ತಿಲ್ಲ. ಬೀಗ ಹಾಕಿದ ಮನೆಯಲ್ಲೇ ಲೆಕ್ಕ ಇಡೋದು ಹೆಚ್ಚು ಅಗತ್ಯ ಅಂತಿದ್ದೀನಿ.

ಇನ್ನೊಂದು ವಿಷಯ ಗಲ್ಫಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಯಾರೂ ನಿಲ್ಲೋಕೆ ಬಂದವರಲ್ಲ. ಎರಡು ವರ್ಷದ ಕಾಂಟ್ರಾಕ್ಟು, ಮೇಲೆ ಇನ್ನೆರಡು ವರ್ಷದ ರಿನ್ಯೂವಲ್ಲು, ಮಕ್ಕಳು ಹೈಸ್ಕೂಲಿಗೆ ಬಂದರೆ ಊರಿಗೆ, ಇಲ್ಲ ಅಂದರೆ ಕೆನಡಾಕ್ಕೆ. ಉಡುಪಿಯವರು ಹೋಗ್ತಾರೆ, ಕೊಚ್ಚಿಯವರು ಬರ್ತಾರೆ. ಮನಿಲಾದವರು ಹೋಗ್ತಾರೆ, ಕೈರೋದವರು ಬರ್ತಾರೆ. ಬೀಳ್ಕೊಡುಗೆಗೆ ಒಂದು ಕೇಕು, ಒಂದು ಗ್ರೂಪ್ ಫೋಟೋ. ತಿದ್ದಿದ ಸಾಲು ಮಾತ್ರ ಇಲ್ಲೇ ಉಳಿಯುತ್ತೆ. ಅದಕ್ಕೆ ವೀಸಾ ಬೇಡ, ವಾರಸುದಾರರೂ ಇಲ್ಲ.

ಹಿಂದೆ ನಾನು ಕೆಲಸ ಮಾಡಿದ ಒಂದು ಕಂಪನಿ. ಕತಾರಿನದ್ದಲ್ಲ, ಹೆಸರು ಬೇಡ. ಅಲ್ಲಿ ಹಳೆಯ ಸರ್ವರು ಕೊಡ್ತಿದ್ದ ಸಂಖ್ಯೆಯನ್ನ ಹೊಸ ಸರ್ವರು ಕೊಡ್ತಿರಲಿಲ್ಲ. ಡೇಟಾ ಅದೇ, ಪ್ರೋಗ್ರಾಮು ಅದೇ, ಎರಡರ ಪಟ್ಟಿಯಲ್ಲೂ ಅದೇ ಪ್ಯಾಕೇಜಿನ ಅದೇ ಆವೃತ್ತಿ. ಎರಡು ಫೋಲ್ಡರನ್ನೂ ಪ್ರಕಟಿತ ಕಟ್ಟಿನ ಜೊತೆ ಹೋಲಿಸೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. ಬಂದ ಉತ್ತರ ಇದು: ‘ಹಾಗಾದ್ರೆ ಹಳೇ ಸರ್ವರಲ್ಲೇ ಓಡಿಸಿ. ಕ್ಲೈಂಟಿಗೆ ಆ ನಂಬರೇ ಅಭ್ಯಾಸ ಆಗಿದೆ.’ ಕೊನೆಗೆ ಹೋಲಿಸಿದಾಗ ಹಳೆಯ ಸರ್ವರಿನಲ್ಲಿ ನಾಲ್ಕು ಸಾಲು ಬೇರೆ ಇದ್ದವು. ತಿದ್ದಿದವರು ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಯಾಕೆ ತಿದ್ದಿದರು ಅನ್ನೋಕೆ ಒಂದು ಟಿಪ್ಪಣಿ ಇಲ್ಲ, ಯಾವಾಗ ಅನ್ನೋಕೆ ಒಂದು ದಾಖಲೆ ಇಲ್ಲ. ಬಹುಶಃ ಅವರು ಒಂದು ನಿಜವಾದ ದೋಷವನ್ನೇ ಸರಿ ಮಾಡಿದ್ದರೇನೋ! ಅದೂ ಇರಬಹುದು. ಎರಡು ಸಂಖ್ಯೆಯಲ್ಲಿ ಯಾವುದು ಸರಿ ಅಂತ ಹೇಳಬಲ್ಲ ಒಬ್ಬೇ ಒಬ್ಬರು ಆ ಕಟ್ಟಡದಲ್ಲಿ ಇರಲಿಲ್ಲ. ನನ್ನ ಸಿಟ್ಟು ತಿದ್ದಿದವರ ಮೇಲಲ್ಲ. ‘ಅಭ್ಯಾಸ ಆಗಿದೆ’ ಅಂದರಲ್ಲ, ಅದರ ಮೇಲೆ.

ಚಿಕ್ಕ ಕಂಪನಿಗಳ ಅಶಿಸ್ತು ಅಂತ ಇದನ್ನ ತಳ್ಳಿಹಾಕೋಕೆ ಮುಂಚೆ ಡೆಬಿಯನ್ ಕತೆ ಕೇಳಿ. ಡೆಬಿಯನ್ ಅಂದರೆ ಲಿನಕ್ಸಿನ ಹಳೆಯ, ಶಿಸ್ತಿಗೆ ಹೆಸರಾದ ವಿತರಣೆ. 2006ರ ಸೆಪ್ಟೆಂಬರಿನಲ್ಲಿ ಅದರ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಒಂದು ಸ್ಥಳೀಯ ತಿದ್ದುಪಡಿ ಆಯಿತು. ವೆಬ್‌ಸೈಟುಗಳ ಪ್ರಮಾಣಪತ್ರದಿಂದ ಹಿಡಿದು ಸರ್ವರಿನ ಲಾಗಿನ್ ತನಕ ರಹಸ್ಯ ಕೀಲಿಗಳು ತಯಾರಾಗೋದು ಈ ಲೈಬ್ರರಿಯ ಕೈಯಲ್ಲಿ. ಕೀಲಿ ಗಟ್ಟಿ ಇರಬೇಕಾದರೆ ಅದು ಯಾರ ಊಹೆಗೂ ಸಿಗದ ಸಂಖ್ಯೆಯಿಂದ ಹುಟ್ಟಬೇಕು. ವ್ಯಾಲ್‌ಗ್ರಿಂಡ್ ಅನ್ನೋ ಪರೀಕ್ಷಾ ಸಾಧನ ‘ನೀವು ಇನ್ನೂ ಏನೂ ತುಂಬದ ಮೆಮೊರಿಯನ್ನ ಓದ್ತಿದ್ದೀರಿ’ ಅಂತ ಎಚ್ಚರಿಕೆ ಕೊಡ್ತಾನೇ ಇತ್ತು. ಆ ಕಿರಿಕಿರಿ ನಿಲ್ಲಿಸೋಕೆ ಪ್ಯಾಕೇಜು ನೋಡಿಕೊಳ್ಳುವವರು ಎರಡು ಸಾಲುಗಳನ್ನ ತೆಗೆದರು. ಎರಡೂ ನೋಡೋಕೆ ಒಂದೇ ಥರ. ಒಂದು ಹೋದರೆ ಏನೂ ನಷ್ಟವಿರಲಿಲ್ಲ. ಇನ್ನೊಂದು ಸಾಲು ಮಾತ್ರ ಹೊರಗಿಂದ ಬರುವ ಅನಿಶ್ಚಿತತೆಯನ್ನ ಒಳಗೆ ಬೆರೆಸುವ ಸಾಲೇ ಆಗಿತ್ತು.

ಅದು ಹೋದ ಮೇಲೆ ಕೀಲಿಯ ಹುಟ್ಟಿಗೆ ಉಳಿದದ್ದು ಆ ಪ್ರೋಗ್ರಾಮಿನ ಪ್ರೋಸೆಸ್ ಸಂಖ್ಯೆ ಮಾತ್ರ. ಲಿನಕ್ಸಿನಲ್ಲಿ ಆಗ ಅದು ಮಾಮೂಲಾಗಿ 32,768ರ ಒಳಗೆ. ಅಂದರೆ ಒಂದು ಬಗೆಯ, ಒಂದು ಉದ್ದದ ಕೀಲಿ ಮಾಡಿದರೆ ಸಾಧ್ಯವಿದ್ದದ್ದು ಒಟ್ಟು ಮೂವತ್ತೆರಡು ಸಾವಿರ ಚಿಲ್ಲರೆ ಕೀಲಿಗಳು. ಭೂಮಿಯ ಮೇಲಿರುವ ಎಲ್ಲ ಕಂಪ್ಯೂಟರು ಕೂತು ಎಣಿಸಿದರೂ ಮುಗಿಯಬಾರದಷ್ಟು ಇರಬೇಕಾದದ್ದು, ಒಂದು ತಾಲೂಕು ಕೇಂದ್ರದ ಜನಸಂಖ್ಯೆಗೆ ಇಳಿಯಿತು. ಉತ್ತರಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿ ಇಟ್ಟುಕೊಳ್ಳಬಹುದು.

ಇದು ಹೊರಬಿದ್ದದ್ದು 2008ರ ಮೇ 13ಕ್ಕೆ. ಕಂಡುಹಿಡಿದವರು ಲೂಸಿಯಾನೋ ಬೆಲ್ಲೋ. ಸುಮಾರು ಇಪ್ಪತ್ತು ತಿಂಗಳು! ಅಷ್ಟರಲ್ಲಿ ಡೆಬಿಯನ್ ಆಧರಿಸಿದ ಉಬುಂಟುವಿಗೂ ಅದು ಇಳಿದಿತ್ತು. ಪ್ಯಾಕೇಜನ್ನ ಸರಿಮಾಡಿದರೆ ಸಾಕಾಗಲಿಲ್ಲ. ಕೀಲಿ ಹುಟ್ಟಿದ್ದು ಡೆಬಿಯನ್ ಮೆಷಿನ್ನಿನಲ್ಲಿ, ಬಳಕೆಯಾಗ್ತಿದ್ದದ್ದು ಇನ್ಯಾವುದೋ ಸರ್ವರಿನಲ್ಲಿ ಆದರೂ ಕೀಲಿ ದುರ್ಬಲವೇ. ಎಲ್ಲ ಕಡೆ ಹಳೆಯ ಕೀಲಿಗಳನ್ನ ಹುಡುಕಿ ಬಿಸಾಕಿ ಹೊಸದು ಮಾಡಬೇಕಾಯಿತು. ಎರಡು ಸಾಲಿಗೆ!

ಇಲ್ಲಿ ಸ್ವಲ್ಪ ನಿಧಾನಿಸಿ. ತಿದ್ದಿದವರು ಕಳ್ಳರಲ್ಲ. ಕದ್ದುಮುಚ್ಚಿಯೂ ಮಾಡಲಿಲ್ಲ. ಓಪನ್‌ಎಸ್‌ಎಸ್‌ಎಲ್ ತಂಡದವರನ್ನ ಕೇಳಿದ್ದರು ಕೂಡ. ಡೆಬಿಯನ್ ಪದ್ಧತಿಯಂತೆ ಮೂಲಕ್ಕೂ ತಮ್ಮ ಪ್ಯಾಕೇಜಿಗೂ ಇರುವ ವ್ಯತ್ಯಾಸವನ್ನ ಒಂದು ಡಿಫ್ ಫೈಲಾಗಿ ಎಲ್ಲರ ಕಣ್ಣೆದುರಿಗೇ ಇಟ್ಟಿದ್ದರು. ಡಿಫ್ ಅಂದರೆ ಎರಡು ಪ್ರತಿಗಳ ನಡುವೆ ಯಾವ ಸಾಲು ಹೋಯಿತು, ಯಾವುದು ಬಂತು ಅಂತ ತೋರಿಸೋ ಪಟ್ಟಿ. ಯಾರು ಬೇಕಾದರೂ ಓದಬಹುದಿತ್ತು. ಇಪ್ಪತ್ತು ತಿಂಗಳು ಆ ಎರಡು ಸಾಲನ್ನ ಯಾರೂ ಅರ್ಥ ಮಾಡಿಕೊಂಡು ಓದಲಿಲ್ಲ.

‘ನೋಡಿದ್ರಾ? ಡಿಫ್ ಇದ್ದೂ ಏನು ಬಂತು?’ ಅಂತ ನನ್ನ ಜೊತೆ ಕೆಲಸ ಮಾಡುವ ಗೆಳೆಯರು ಇಲ್ಲಿಗೆ ಬಂದ ತಕ್ಷಣ ಕೇಳ್ತಾರೆ. ಬಂದದ್ದು ಇದು: ದೋಷ ಸಿಕ್ಕ ದಿನ ಡೆಬಿಯನ್ ತಂಡಕ್ಕೆ ಯಾವ ಸಾಲು, ಯಾವ ತಾರೀಕು, ಯಾವ ಆವೃತ್ತಿಯಿಂದ, ಯಾವ್ಯಾವ ಕೀಲಿ ಬಿಸಾಕಬೇಕು ಅಂತ ಎಲ್ಲ ಹೇಳೋಕೆ ಆಯಿತು. ದುರ್ಬಲ ಕೀಲಿಗಳ ಪಟ್ಟಿ ಮಾಡಿ, ನಿಮ್ಮದು ಅದರಲ್ಲಿದೆಯಾ ಅಂತ ಪರೀಕ್ಷಿಸೋ ಸಾಧನವನ್ನೂ ಕೊಟ್ಟರು. ನಾನು ಹೇಳಿದ ಆ ಹೆಸರಿಲ್ಲದ ಕಂಪನಿಗೆ ತನ್ನ ಯಾವ ವರದಿಗಳನ್ನ ವಾಪಸ್ ಕರೀಬೇಕು ಅಂತ ಇವತ್ತಿಗೂ ಹೇಳೋಕಾಗಲ್ಲ. ಬೆಂಕಿ ಬಿದ್ದ ಮನೆಯಲ್ಲಿ ಯಾವ ಕೋಣೆ ಅಂತ ಗೊತ್ತಿರೋದಕ್ಕೂ ಹೊಗೆ ಮಾತ್ರ ಕಾಣೋದಕ್ಕೂ ಇರುವ ಅಂತರ ಅದು. ಡೆಬಿಯನ್ ಪಾಠವನ್ನೂ ಕಲಿಯಿತು. ಈಗ ಅಲ್ಲಿ ತಿದ್ದುಪಡಿಗಳೆಲ್ಲ ಒಂದೇ ರಾಶಿಯಾಗಿ ಬಿದ್ದಿರೋದಿಲ್ಲ. ಸಾಮಾನ್ಯವಾಗಿ ಪ್ರತಿಯೊಂದಕ್ಕೂ ಪ್ರತ್ಯೇಕ ಫೈಲು, ಮೇಲ್ಗಡೆ ಯಾಕೆ, ಯಾರು, ಮೂಲ ತಂಡಕ್ಕೆ ಕಳಿಸಿದ್ದೀರಾ ಇಲ್ಲವಾ ಅಂತ ಬರೆಯೋಕೆ ಜಾಗ. ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ನಿಮ್ಮ ತಿದ್ದುಪಡಿ ಅಷ್ಟು ಸರಿ ಇದ್ದರೆ ಅದನ್ನ ಪ್ಯಾಕೇಜು ಬರೆದವರಿಗೆ ಯಾಕೆ ಕಳಿಸಿಲ್ಲ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. ಪ್ರಕಟಿತ ಆವೃತ್ತಿಯನ್ನೇ ನಂಬೋಕೆ ಆಗದಿದ್ದರೆ? ಬೇಲಿಯೇ ಎದ್ದು ಹೊಲ ಮೇಯ್ದರೆ? 2024ರಲ್ಲಿ ಅದೂ ಆಯಿತು. ಎಕ್ಸ್‌ಝಡ್ ಅನ್ನೋದು ಫೈಲುಗಳನ್ನ ಕುಗ್ಗಿಸೋ ಒಂದು ಸಾಧಾರಣ ಪ್ಯಾಕೇಜು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಸರ್ವರಿನೊಳಗೆ ಕಳ್ಳದಾರಿ ತೆರೆಯೋ ಕೋಡು ಸೇರಿತ್ತು. ಸೇರಿಸಿದ್ದು ಅದನ್ನ ನೋಡಿಕೊಳ್ಳುವವರಲ್ಲೇ ಒಬ್ಬರು. ಮಾರ್ಚ್ 29ರಂದು ಇದನ್ನ ಬಯಲಿಗೆ ತಂದವರು ಆಂಡ್ರೆಸ್ ಫ್ರಾಯಿಂಡ್. ಸರ್ವರಿನ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗ್ತಿದೆಯಲ್ಲ ಅಂತ ತಲೆ ಕೆಡಿಸಿಕೊಂಡು ಅಗೆಯುತ್ತಾ ಹೋದ ಪುಣ್ಯಾತ್ಮ.

ಆದರೆ ಆ ಕೋಡು ಅಡಗಿದ್ದ ರೀತಿ ನೋಡಿ. ಕಳ್ಳದಾರಿಯನ್ನ ಎಬ್ಬಿಸೋ ಸಾಲುಗಳು ಎಲ್ಲರೂ ನೋಡುವ ಮೂಲ ಕೋಡಿನ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಗೆ ಅಂತ ಕಟ್ಟಿದ ಕಟ್ಟಿನೊಳಗಿನ ಒಂದು ಫೈಲಿನಲ್ಲಿ ಮಾತ್ರ ಇದ್ದವು. ಭಂಡಾರವನ್ನೂ ಬಿಡುಗಡೆಯ ಕಟ್ಟನ್ನೂ ಪಕ್ಕಪಕ್ಕ ಇಟ್ಟಿದ್ದರೆ ಆ ಫೈಲು ಎದ್ದು ಕಾಣ್ತಿತ್ತು. ಅಂದರೆ ಪ್ರಕಟಿತ ಪ್ರತಿಯೂ ಪರೀಕ್ಷೆಗೆ ಹೊರತಲ್ಲ. ಮೂಲ, ಪ್ರಕಟಿತ, ನಿಮ್ಮದು, ಮೂರನ್ನೂ ಹೋಲಿಸಬೇಕು. ‘ಪ್ರಕಟಿತವೇ ಕೆಟ್ಟಿರಬಹುದು, ಹಾಗಾಗಿ ಹೋಲಿಸಿ ಪ್ರಯೋಜನವಿಲ್ಲ’ ಅನ್ನೋದು, ತಕ್ಕಡಿ ಮೋಸ ಇರಬಹುದು ಅಂತ ತೂಕ ಹಾಕೋದನ್ನೇ ಬಿಟ್ಟ ಹಾಗಾಯಿತು.

ಹೋಲಿಸೋಕೆ ಎಲ್ಲರಿಗೂ ಸಮಾನವಾದ ಒಂದು ಮಟ್ಟ ಬೇಕು. ದುಖಾನಿನಿಂದ ಹತ್ತಿರವೇ, ಜೆಕ್ರೀತ್ ಕಡೆಯ ಬ್ರೂಕ್ ಮರುಭೂಮಿಯಲ್ಲಿ, ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 2014ರಲ್ಲಿ ನಿಲ್ಲಿಸಿದ ನಾಲ್ಕು ಉಕ್ಕಿನ ಫಲಕಗಳಿವೆ. ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ, ಸಾಲಾಗಿ. ನೆಲ ಏರಿಳಿತ, ಹಾಗಾಗಿ ಫಲಕಗಳ ಎತ್ತರ ಬೇರೆ ಬೇರೆ. ತುದಿಗಳು ಮಾತ್ರ ಒಂದೇ ಮಟ್ಟ. ರಜೆಗೆ ಬಂದ ನೆಂಟರಿಗೆ ತೋರಿಸಿದರೆ ‘ಇದೇನು, ನಾಲ್ಕು ತಗಡು’ ಅಂತಾರೆ. ಆದರೆ ಅಲ್ಲಿ ನಿಂತರೆ ನೆಲ ಎಲ್ಲಿ ಎಷ್ಟು ಕುಸಿದಿದೆ ಅನ್ನೋದು ಆ ತುದಿಗಳ ದೆಸೆಯಿಂದ ಗೊತ್ತಾಗುತ್ತೆ. ಪ್ರಕಟಿತ ಆವೃತ್ತಿಯಿಂದ ನನಗೆ ಬೇಕಾಗಿರೋದು ಅಷ್ಟೇ. ಅದು ಪರಮ ಸತ್ಯ ಆಗಿರಬೇಕಿಲ್ಲ, ನಿಮಗೂ ನನಗೂ ಒಂದೇ ಆಗಿದ್ದರೆ ಸಾಕು.

ಹೊರದೇಶದಲ್ಲಿ ಬೆಳೆದು ಈಗ ಕನ್ನಡ ಓದೋಕೆ ಕಲೀತಿರುವ ಓದುಗರಿಗೆ ಇಲ್ಲಿ ಒಂದು ಪದ ಪರಿಚಯ ಮಾಡಿಕೊಡ್ತೀನಿ: ಪಾಠಾಂತರ. ಹಳೆಯ ಕಾವ್ಯಗಳು ತಾಳೆಗರಿಯ ಮೇಲೆ ಕೈಯಿಂದ ಕೈಗೆ ನಕಲಾಗಿ ಬಂದವು. ನಕಲು ಮಾಡುವ ಲಿಪಿಕಾರ ಕೆಲವು ಸಲ ತಪ್ಪು ಬರೀತಿದ್ದ. ಕೆಲವು ಸಲ ಕಷ್ಟದ ಪದ ತೆಗೆದು, ಇದೇ ಚೆನ್ನ ಅಂತ ಸುಲಭದ್ದು ಹಾಕ್ತಿದ್ದ. ಹೀಗೆ ಒಂದೇ ಪದ್ಯದ ಒಂದೇ ಜಾಗದಲ್ಲಿ ಬೇರೆ ಬೇರೆ ಪ್ರತಿಗಳು ಬೇರೆ ಬೇರೆ ಮಾತು ಹೇಳುತ್ತವೆ. ಅದೇ ಪಾಠಾಂತರ. ಪಂಪನನ್ನೋ ರನ್ನನನ್ನೋ ಸಂಪಾದಿಸುವ ವಿದ್ವಾಂಸರು ಸಿಕ್ಕಷ್ಟು ಪ್ರತಿಗಳನ್ನ ಮುಂದಿಟ್ಟುಕೊಂಡು, ಪ್ರತಿಯೊಂದಕ್ಕೂ ಒಂದು ಅಕ್ಷರದ ಗುರುತು ಕೊಟ್ಟು, ಯಾವ ಪ್ರತಿಯಲ್ಲಿ ಯಾವ ಪದ ಇದೆ ಅಂತ ಪುಟದ ಕೆಳಗೆ ಅಚ್ಚು ಹಾಕ್ತಾರೆ. ತಾವು ಸರಿ ಅಂತ ಆರಿಸಿಕೊಂಡ ಪದ ಮೇಲೆ, ಬಿಟ್ಟ ಪದವೂ ಕೆಳಗೆ ಉಳಿದಿರುತ್ತೆ. ಈ ಕೆಲಸದ ಶಾಸ್ತ್ರವನ್ನ ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಅಂತ ಒಂದು ದೊಡ್ಡ ಪುಸ್ತಕವಾಗಿಯೇ ಬರೆದಿದ್ದಾರೆ. ಅಡಿಟಿಪ್ಪಣಿಯ ಆ ಪಟ್ಟಿ ಡಿಫ್ ಅಲ್ಲದೆ ಮತ್ತೇನು? ತಾಳೆಗರಿ, ಕನ್ನಡಕ, ಪೆನ್ಸಿಲು ಇಟ್ಟುಕೊಂಡು ಅವರು ವರ್ಷಗಟ್ಟಲೆ ಮಾಡಿದ್ದನ್ನ ಎಂಟು ಕೋರ್ ಪ್ರೊಸೆಸರ್ ಇಟ್ಟುಕೊಂಡವರು ‘ಟೈಮಿಲ್ಲ’ ಅಂತಾರೆ.

ಟೈಮು ಎಷ್ಟು ಬೇಕು ಅಂತಲೂ ನೋಡೋಣ. ಜಾವಾಸ್ಕ್ರಿಪ್ಟಿನವರಿಗೆ ನೆಪವೇ ಇಲ್ಲ. ಎನ್‌ಪಿಎಂ 7ನೇ ಆವೃತ್ತಿಯ ಕಾಲದಿಂದ ‘ಎನ್‌ಪಿಎಂ ಡಿಫ್’ ಅನ್ನೋ ಆಜ್ಞೆಯೇ ಇದೆ: ನಿಮ್ಮ ಪ್ಯಾಕೇಜಿನ ಫೋಲ್ಡರಿನಲ್ಲಿ ನಿಂತು ಓಡಿಸಿದರೆ, ಕಣಜದಲ್ಲಿರುವ ಪ್ರಕಟಿತ ಆವೃತ್ತಿಗೂ ನಿಮ್ಮ ಫೈಲುಗಳಿಗೂ ಏನು ವ್ಯತ್ಯಾಸ ಅಂತ ಸಾಲು ಸಾಲಾಗಿ ತೋರಿಸುತ್ತೆ. ಡೆಬಿಯನ್, ಉಬುಂಟು ಬಳಸುವವರಿಗೆ ‘ಡೆಬ್‌ಸಮ್ಸ್’ ಇದೆ. ರೆಡ್‌ಹ್ಯಾಟ್ ಕಡೆಯವರಿಗೆ ‘ಆರ್‌ಪಿಎಂ’ನಲ್ಲೇ ಪರೀಕ್ಷೆಯ ಆಯ್ಕೆ ಇದೆ. ಪೈಥಾನಿನಲ್ಲಿ ಸ್ವಲ್ಪ ಕೈಕೆಲಸ. ಪ್ಯಾಕೇಜು ಸ್ಥಾಪಿಸಿದಾಗ ಜೊತೆಗೆ ‘ರೆಕಾರ್ಡ್’ ಅನ್ನೋ ಫೈಲೊಂದು ಬರುತ್ತೆ. ಅದರಲ್ಲಿ ಒಳಗಿನ ಫೈಲುಗಳ ಗಾತ್ರ, ಹ್ಯಾಶ್ ಬರೆದಿರುತ್ತೆ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದಕ್ಷರ ತಿದ್ದಿದರೂ ಅದು ಬದಲಾಗುತ್ತೆ. ಪಿಪ್ ಇದನ್ನ ಸ್ಥಾಪನೆ ಆದ ಮೇಲೆ ಮತ್ತೆ ಪರೀಕ್ಷಿಸೋ ಗೋಜಿಗೆ ಹೋಗಲ್ಲ. ಬಾಗಿಲಲ್ಲಿ ಚೀಲ ತಪಾಸಣೆ, ಒಳಗೆ ಬಂದ ಮೇಲೆ ಕೇಳುವವರಿಲ್ಲ. ತಿದ್ದುವವರು ‘ರೆಕಾರ್ಡ್’ ಫೈಲನ್ನೂ ತಿದ್ದಬಹುದು, ಹಾಗಾಗಿ ನನಗೆ ಹಳೆಯ ದಾರಿಯೇ ಇಷ್ಟ: ಅದೇ ಆವೃತ್ತಿಯನ್ನ ಕಣಜದಿಂದ ಹೊಸದಾಗಿ ಇಳಿಸಿ, ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಎರಡು ಫೋಲ್ಡರಿಗೂ ‘ಡಿಫ್’ ಓಡಿಸೋದು. ಮುಚ್ಚಿದ ಜಾಲದಲ್ಲಿದ್ದರೆ ಅನುಮತಿ ಪಡೆದು ಒಂದೇ ಸಲ ತರಿಸಿಟ್ಟುಕೊಂಡರಾಯಿತು. ಒಂದು ಪ್ಯಾಕೇಜಿಗೆ ಕರಕ್ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಬೇಡ.

ತಿದ್ದಲೇಬೇಡಿ ಅಂತ ಮಡಿ ಹೇಳೋಕೆ ನಾನು ಬಂದಿಲ್ಲ. ತಿದ್ದಬೇಕಾಗುತ್ತೆ. ಬೇರೆಯವರ ಕೋಡಿನಲ್ಲಿ ದೋಷ ಇರುತ್ತೆ, ನಿಮ್ಮ ಡೇಟಾದಲ್ಲಿ ಅವರು ಊಹಿಸದ ವಿಚಿತ್ರಗಳಿರುತ್ತವೆ. ತಿದ್ದಿ, ಆದರೆ ಹೆಸರು ಬದಲಾಯಿಸಿ. ಪೈಥಾನಿನ ಆವೃತ್ತಿ ನಿಯಮಗಳಲ್ಲಿ, ಪೆಪ್ 440 ಅನ್ನೋ ದಾಖಲೆಯಲ್ಲಿ, ಇದಕ್ಕೆಂದೇ ಒಂದು ಕೂಡು ಚಿಹ್ನೆ ಇದೆ. 2.3.1 ಅನ್ನ ತಿದ್ದಿದಿರಾ? ಅದನ್ನ ‘2.3.1+ದುಖಾನ್.1’ ಅನ್ನೋ ಥರ ಹೆಸರಿಸಿ, ಹೊಸ ಕಟ್ಟು ಕಟ್ಟಿ ಸ್ಥಾಪಿಸಿ. ನಿಜವಾದ ಸಂಖ್ಯೆಯಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು, ಇರಲಿ. ಸಾರ್ವಜನಿಕ ಕಣಜ ಆ ಕೂಡು ಚಿಹ್ನೆಯ ಆವೃತ್ತಿಗಳನ್ನ ಒಳಗೆ ಬಿಟ್ಟುಕೊಳ್ಳೋದಿಲ್ಲ, ಹಾಗಾಗಿ ಎಲ್ಲಿ ಕಂಡರೂ ಅದು ಮನೆಯಲ್ಲಿ ತಿದ್ದಿದ್ದು ಅಂತ ಗೊತ್ತಾಗುತ್ತೆ. ಜಾವಾಸ್ಕ್ರಿಪ್ಟಿನಲ್ಲಿ ‘ಪ್ಯಾಚ್-ಪ್ಯಾಕೇಜ್’ ಅನ್ನೋ ಸಾಧನ ನಿಮ್ಮ ತಿದ್ದುಪಡಿಯನ್ನ ಡಿಫ್ ಫೈಲಾಗಿ ನಿಮ್ಮ ಪ್ರಾಜೆಕ್ಟಿನಲ್ಲೇ ಇಟ್ಟು, ಪ್ರತಿ ಸಲ ಸ್ಥಾಪಿಸುವಾಗ ಎಲ್ಲರೆದುರಿಗೆ ಅಂಟಿಸುತ್ತೆ. ಸಾಧನಗಳಿಗೆ ಬರವಿಲ್ಲ.

ಬರ ಇರೋದು ಕೇಳುವವರಿಗೆ. ನಾನು ಹೊರದೇಶದಲ್ಲಿ ಮಾಸ್ಟರ್ಸ್ ಮಾಡಿದೆ. ನ್ಯೂರಲ್ ನೆಟ್‌ವರ್ಕು, ಬೇಸಿಯನ್ ಲೆಕ್ಕ ಎಲ್ಲ ಚೆನ್ನಾಗಿಯೇ ಹೇಳಿಕೊಟ್ಟರು. ಡಿಫ್ ಓದೋದು ಹೇಗೆ ಅನ್ನೋಕೆ ಒಂದು ಗಂಟೆಯ ಪಾಠವೂ ಇರಲಿಲ್ಲ. ಆಮೇಲೆ ಕೊಟ್ಟ ಇಂಟರ್ವ್ಯೂಗಳಲ್ಲಿ ಬೈನರಿ ಟ್ರೀ ತಲೆಕೆಳಗು ಮಾಡಿಸಿದರೇ ಹೊರತು, ‘ನಿಮ್ಮ ಮೆಷಿನ್ನಿನಲ್ಲಿರುವ ಪ್ಯಾಕೇಜು ಪ್ರಕಟವಾದದ್ದೇ ಅಂತ ಹೇಗೆ ಹೇಳ್ತೀರಿ?’ ಅಂತ ಒಬ್ಬರೂ ಕೇಳಲಿಲ್ಲ. ನೀವು ಈಗ ಇಂಟರ್ವ್ಯೂ ಮಾಡುವ ಕುರ್ಚಿಯಲ್ಲಿ ಇದ್ದರೆ ಕೇಳಿ ನೋಡಿ. ಅರ್ಧಕ್ಕರ್ಧ ಜನ ‘ಪಿಪ್ ಫ್ರೀಜ್’ ಅಂತಾರೆ.

ಮ್ಯಾನೇಜರುಗಳಿಗೆ ಒಂದು ಮಾತು, ಯಾಕೆಂದರೆ ಇದು ಇಂಜಿನಿಯರುಗಳ ಒಳ್ಳೆಯತನಕ್ಕೆ ಬಿಡೋ ವಿಷಯವಲ್ಲ. ಗಲ್ಫಿನಲ್ಲಿ ಕೆಲಸ ಬಿಟ್ಟು ಹೊರಡುವಾಗ ಕ್ಲಿಯರೆನ್ಸ್ ಫಾರಂ ಹಿಡಿದು ಓಡಾಡಿಸ್ತೀರಲ್ಲ? ಲ್ಯಾಪ್‌ಟಾಪು ಕೊಟ್ಟರಾ, ಗೇಟ್ ಪಾಸ್ ಕೊಟ್ಟರಾ, ಸಿಮ್ ಕಾರ್ಡು ಕೊಟ್ಟರಾ, ರೂಮಿನ ಬೀಗದ ಕೈ ಕೊಟ್ಟರಾ ಅಂತ ಪ್ರತಿ ಡಿಪಾರ್ಟ್‌ಮೆಂಟಿನ ಸಹಿ ಬೀಳದೆ ಲೆಕ್ಕ ಚುಕ್ತಾ ಆಗಲ್ಲ. ಆ ಫಾರಮ್ಮಿನಲ್ಲಿ ಇನ್ನೊಂದು ಸಾಲು ಹಾಕಿ: ಇವರು ಬಳಸಿದ ಸರ್ವರಿನ ಪ್ಯಾಕೇಜುಗಳನ್ನ ಪ್ರಕಟಿತ ಆವೃತ್ತಿಯ ಜೊತೆ ಹೋಲಿಸಲಾಗಿದೆ, ವ್ಯತ್ಯಾಸಗಳ ಪಟ್ಟಿ ಲಗತ್ತಿಸಿದೆ. ಕೆಳಗೆ ಹೊರಡುವವರ ಸಹಿ, ಪಕ್ಕದಲ್ಲಿ ಆ ಪಟ್ಟಿಯನ್ನ ಓದಿದವರ ಸಹಿ. ಓದಿದವರು ಇನ್ನೂ ಕನಿಷ್ಠ ಒಂದು ವರ್ಷ ಅಲ್ಲೇ ಕೆಲಸದಲ್ಲಿರುವವರಾಗಿರಲಿ.